ಒಳಮುಖದ ಹೆಜ್ಜೆಗಳು

ಈ ಕಥೆ ಹೇಳಲು ನಾನೇ ಬೇಕಿತ್ತೇ ಎಂದು ಹಲವು ಸಲ ಯೋಚಿಸಿದ್ದೇನೆ. ಪ್ರೀತಿಯ ವಿಷಯದಲ್ಲಿ ಒಂದು ಮಾತು ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಎಲ್ಲಾದರೂ ಎಡವಿದ್ದರೆ ಓದುವವರು ಮನ್ನಿಸಬೇಕು.

ಬೆಟ್ಟಗಳ ನಡುವಿನ ಊರು ಕೊಚ್ಕೋರಿನ ಟ್ಯಾಕ್ಸಿ ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಟ್ರ್ಯಾಕ್ಟರ್ ಗ್ಯಾರೇಜ್ ಇತ್ತು. ಉಣ್ಣೆಯ ಹಾಸು ಮಾಡುವ ಬುರುಲಾಯ್ ಅದನ್ನು ಬಾಡಿಗೆಗೆ ಹಿಡಿದಾಗ ಎಲ್ಲರೂ ನಕ್ಕರು. ಕಾರಣ ಆ ನೆಲ. ಕಾಂಕ್ರೀಟು ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿತ್ತು. ಉಣ್ಣೆ ಹರವಿ, ಕುದಿನೀರು ಸುರಿದು, ಸುತ್ತಿ ತುಳಿಯುವ ಕೆಲಸ ಅವಳದು. ಬಿಳಿ ಉಣ್ಣೆ ಆ ನೆಲ ಮುಟ್ಟಿದರೆ ಮುಗಿದೇ ಹೋಯಿತು.

ಮೊದಲ ದಿನ ಅವಳು ಮಂಡಿಯೂರಿ, ಸೋಪಿನ ಪುಡಿ ಚೆಲ್ಲಿ, ಬಕೆಟ್ಟುಗಟ್ಟಲೆ ನೀರು ಹುಯ್ದು ಉಜ್ಜಿದಳು. ಕಲೆ ಹೋಗಲಿಲ್ಲ, ಇನ್ನಷ್ಟು ಹರಡಿತು.

“ನೀರು ಹಾಕ್ಬೇಡ್ರೀ! ಎಣ್ಣೆಗೆ ಈಜು ಕಲಿಸ್ತಿದ್ದೀರಾ?”

ಬಾಗಿಲಲ್ಲಿ ಒಬ್ಬ ನಿಂತಿದ್ದ. ಬೂಟಿಗೆಲ್ಲ ಕೆಸರು, ಕಣ್ಣಲ್ಲಿ ನಗು.

“ಯಾರು ನೀವು?”

“ಎಸೆನ್. ಈ ಕಲೆಗಳ ಯಜಮಾನ. ಗ್ಯಾರೇಜ್ ಮುಚ್ಚೋವರೆಗೂ ಇಲ್ಲೇ ರಿಪೇರಿ ಮಾಡ್ತಿದ್ದೆ. ಅಗೋ, ಕುದುರೆ ತಲೆ ಥರ ಇದೆಯಲ್ಲ, ಅದು ಒಂದು ಬೋಲ್ಟ್ ಬಿಗಿ ಮಾಡೋದು ಮರೆತಿದ್ದಕ್ಕೆ.”

“ಹಾಗಿದ್ರೆ ನೀವೇ ಬಂದು ತೊಳೀರಿ. ಬಾಗಿಲಲ್ಲಿ ನಿಂತು ಭಾಷಣ ಮಾಡೋರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.”

ಮರುದಿನ ಅವನು ಮರದ ಪುಡಿಯ ಮೂಟೆ ಹೊತ್ತು ನಿಜವಾಗಿಯೂ ಬಂದ.

ಗಟ್ಟಿಯಾದ ಜಿಡ್ಡನ್ನು ಮೊದಲು ಸಲಿಕೆಯಿಂದ ಕೆರೆದರು. ಆಮೇಲೆ ಕಲೆಯ ಮೇಲೆ ಮರದ ಪುಡಿ ಹರಡಿದರು. ಪುಡಿ ಎಣ್ಣೆ ಹೀರಬೇಕಾದರೆ ಬೂಟಿನ ಹಿಮ್ಮಡಿ ತಿರುಚಿ ತಿರುಚಿ ತುಳಿಯಬೇಕು. ಅವನು ತುಳಿದು ತೋರಿಸಿದ. ಅವಳೂ ತುಳಿದಳು. ಇಬ್ಬರೂ ಎದುರುಬದುರು ನಿಂತು ಸೊಂಟ ತಿರುಗಿಸುತ್ತಿದ್ದಾಗ ಅವಳ ಜೊತೆ ಕೆಲಸ ಮಾಡುವ ಜಿಪಾರ್ ಎಜೆ ಚಹಾ ತಂದಳು. ಎಜೆ ಎಂದರೆ ಅಕ್ಕ; ಊರಿಗೆಲ್ಲ ಅಕ್ಕ ಅವಳು, ಬಾಯಿಗೆ ಬಾಗಿಲಿಲ್ಲ.

“ಅಯ್ಯೋ, ಮದುವೆ ಕುಣಿತ ಈಗ್ಲೇ ಶುರುವಾಯ್ತಾ? ನನ್ನನ್ನ ಕರೀಲೇ ಇಲ್ಲ!”

“ಸುಮ್ನಿರಿ ಎಜೆ!” ಎಂದಳು ಬುರುಲಾಯ್. ಕಿವಿ ಕೆಂಪಾಯಿತು. ಓರೆಗಣ್ಣಲ್ಲಿ ನೋಡಿದರೆ ಎಸೆನ್ ತಲೆ ತಗ್ಗಿಸಿ ಬೂಟಿಗೆ ನಗುತ್ತಿದ್ದ.

ಹೀಗೆ ದಿನಗಳು ಕಳೆದವು. ಪುಡಿ ಗುಡಿಸುವುದು, ಹೊಸದು ಹರಡುವುದು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬಿರುಸು ಬ್ರಷ್ ಹಿಡಿದು ಉಜ್ಜುವುದು. ಕಪ್ಪು ಕಂದಾಯಿತು, ಕಂದು ಬೂದು ಬಣ್ಣವಾಯಿತು. ‘ನೀವು’ ಹೋಗಿ ‘ನೀನು’ ಬಂದದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ.

“ಕುದುರೆ ತಲೆ ಹೋಗ್ತಾನೇ ಇಲ್ಲ” ಎಂದಳು ಒಂದು ದಿನ.

“ಇರಲಿ ಬಿಡು. ನಾನು ಹೋದ್ಮೇಲೆ ನೆನಪಿಗೆ.”

“ಎಲ್ಲಿಗೆ?”

“ಗಡಿಯಾಚೆ, ಓರೆನ್‌ಬುರ್ಗ್‌ಗೆ. ಸೋದರಮಾವ ಕಟ್ಟಡದ ಕೆಲಸ ಕೊಡಿಸಿದ್ದಾನೆ. ಇಲ್ಲಿ ಗ್ಯಾರೇಜ್ ಇಲ್ವಲ್ಲ.” ಬ್ರಷ್ಷನ್ನು ನೀರಿಗೆ ಅದ್ದುತ್ತಾ ಸೇರಿಸಿದ, “ಶುಕ್ರವಾರ ಸಂಜೆ ಟ್ಯಾಕ್ಸಿ. ಕೊನೇ ನೀರು ನಾನೇ ಹಾಕಿ ಹೋಗ್ತೀನಿ.”

ಶುಕ್ರವಾರ ಸಂಜೆ, ಆ ಕೊನೆಯ ನೀರಿನ ಹೊತ್ತಿಗೆ ಅವನು ಏನಾದರೂ ಹೇಳಿಯೇ ಹೇಳುತ್ತಾನೆ ಎಂದು ಅವಳು ಕಾದಳು.

ಆದರೆ ಶುಕ್ರವಾರ ಅವನು ಬೆಳಿಗ್ಗೆಯೇ ಬಂದ, ಹೆಗಲಿಗೆ ಚೀಲ ಹಾಕಿಕೊಂಡು. “ಟ್ಯಾಕ್ಸಿ ಬೇಗ ತುಂಬ್ತಾ ಇದೆ, ಬುರುಲಾಯ್. ಇನ್ನೊಬ್ಬರು ಬಂದ್ರೆ ಹೊರಡುತ್ತೆ. ಹೋಗ್ಬರ್ಲಾ?”

“ಅಷ್ಟೇನಾ?”

ಅವನು ಬಾಯಿ ತೆರೆದ. ಹೊರಗೆ ಹಾರ್ನ್ ಕೇಳಿಸಿತು. ಬಾಯಿ ಮುಚ್ಚಿದ. ತಿರುಗಿ ನಡೆದ.

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಪಕ್ಕದಲ್ಲಿದ್ದ ಬಕೆಟ್ ಎತ್ತಿ ಅವನು ನಿಂತಿದ್ದ ಜಾಗಕ್ಕೇ ನೀರು ಎರಚಿದಳು. ಪೊರಕೆ ಹಿಡಿದು ಹೊಸಿಲಿನವರೆಗೂ ತಳ್ಳಿದಳು. ತಲೆ ಎತ್ತಿದರೆ ಗೇಟಿನ ಬಳಿ ಎಸೆನ್ ಹಿಂದಿರುಗಿ ನೋಡುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತು. ಮತ್ತೆ ತಿರುಗದೆ ಹೋದ.

“ಏನೇ ಮಾಡ್ದೆ, ಹುಚ್ಚಿ!” ಜಿಪಾರ್ ಎಜೆ ಎದೆಗೆ ಕೈ ಇಟ್ಟುಕೊಂಡಳು. “ಹೊರಟವನ ಬೆನ್ನಿಗೇ ನೆಲ ತೊಳೆದ್ಯಾ? ಅವನು ಹೋಗಿ ಮುಟ್ಟೋವರೆಗೂ ಪೊರಕೆ ಕೂಡ ಮುಟ್ಬಾರ್ದು. ವಾಪಸ್ ಬರೋ ದಾರಿನೇ ಅಳಿಸಿ ಹೋಗುತ್ತೆ. ಬೇಡ ಅನ್ನಿಸಿದೋರ ಹಿಂದೆ ಮಾತ್ರ ಹಾಗೆ ತೊಳೆಯೋದು. ಅವನು ನೋಡಿಬಿಟ್ಟ ಕಣೇ!”

ಬುರುಲಾಯ್ ಪೊರಕೆ ಬಿಸಾಕಿ ಓಡಿದಳು, ಒದ್ದೆ ರಬ್ಬರ್ ಬೂಟಲ್ಲೇ.

ಒಬ್ಬ ಅಜ್ಜಿಯ ಹಾಸಿಗೆಯ ಗಂಟನ್ನು ಡ್ರೈವರ್ ಕಾರಿನ ಮೇಲೆ ಕಟ್ಟುತ್ತಿದ್ದ. ಎಸೆನ್ ಹಿಂದಿನ ಸೀಟಿನಲ್ಲಿ ಕೂತಿದ್ದ.

“ಇಳಿ” ಎಂದಳು.

“ತೊಳೆದಾಯ್ತಲ್ಲ.”

“ಸಿಟ್ಟಲ್ಲಿ ತೊಳೆದೆ. ನೀನು ಬಾಯಿ ಬಿಡಲಿಲ್ಲ ಅಂತ ತೊಳೆದೆ. ಬಾ, ಇನ್ನೊಂದ್ಸಲ ಹೊರಡು.”

“ಹೋಗಪ್ಪಾ, ಬೇಗ ಹೋಗಿ ಬಾ” ಎಂದಳು ಅಜ್ಜಿ, ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾ. “ಹಗ್ಗ ಇನ್ನೂ ಸಡಿಲ ಇದೆ.”

ಗ್ಯಾರೇಜಿನ ಹೊಸಿಲಲ್ಲಿ ಎಸೆನ್ ನಿಂತ. ನೆಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನ ಬೂಟಿನಲ್ಲಿ ಹಿಮ ಕರಗಿದ ಅಂಗಳದ ಕೆಸರು ಮೆತ್ತಿತ್ತು.

“ಇಷ್ಟು ದಿನದ ಕೆಲಸ ಹಾಳಾಗುತ್ತೆ. ನಾಳೆ ಬಿಳಿ ಉಣ್ಣೆ ಬರುತ್ತಲ್ಲ?”

“ಬರಲಿ. ನೀನು ನಡಿ.”

ಅವನು ಕುದುರೆ ತಲೆಯ ಕಲೆಯವರೆಗೂ ನಡೆದು ಹೋಗಿ, ಗೋಡೆಯಂಚಿನಿಂದ ಒಳಗೆ ಬಂದಿದ್ದ ಅವಳಿಗೆ ಎದುರಾಗಿ ನಿಂತ. “ನಾನು ಹೇಳೋಕೆ ಬಂದಿದ್ದೆ” ಎಂದ. “ಕೈಯಲ್ಲಿ ಏನೂ ಇಲ್ಲದೋನು ಕಾಯ್ತಾ ಇರು ಅಂತ ಹೇಗೆ ಹೇಳೋದು, ಅದಕ್ಕೆ...”

“ಹೇಳಿ ನೋಡು.”

“ಕಾಯ್ತೀಯಾ?”

“ನೀನು ತಲುಪಿದೆ ಅಂತ ಫೋನ್ ಬರೋವರೆಗೂ ಇಲ್ಲಿ ಒಂದು ತೊಟ್ಟು ನೀರು ಬೀಳಲ್ಲ” ಎಂದಳು. “ಆಮೇಲಿಂದು ಆಮೇಲೆ ಕೇಳು, ಕಳ್ಳ.”

ಆಗ ಎಸೆನ್ ಒಂದು ವಿಚಿತ್ರ ಕೆಲಸ ಮಾಡಿದ. ಅವಳನ್ನೇ ನೋಡುತ್ತಾ, ಬೆನ್ನು ಬಾಗಿಲ ಕಡೆ ಮಾಡಿ, ಹಿಮ್ಮುಖವಾಗಿ ನಡೆದು ಹೊಸಿಲು ದಾಟಿದ. ಕಂಬಕ್ಕೆ ಒಮ್ಮೆ ತಲೆ ಬಡಿದುಕೊಂಡ. ಅವಳು ಅಳುತ್ತಲೇ ನಕ್ಕಳು. ಅವನು ಹೋದ ಮೇಲೆ ನೋಡಿದರೆ, ಹೊಳೆಯುವ ನೆಲದ ಮೇಲಿನ ಕೆಸರಿನ ಹೆಜ್ಜೆಗಳೆಲ್ಲ ಒಳಮುಖವಾಗಿಯೇ ಇದ್ದವು.

ಮರುದಿನ ಉಣ್ಣೆ ಬಂತು. ಹೆಂಗಸರು ಆ ಹೆಜ್ಜೆಗಳನ್ನು ಬಿಟ್ಟು ಗೋಡೆಯ ಪಕ್ಕಕ್ಕೆ ಒತ್ತಿ, ಇಕ್ಕಟ್ಟಿನಲ್ಲೇ ಉಣ್ಣೆ ಹರವಿದರು. ಯಾರೂ ಯಾಕೆಂದು ಕೇಳಲಿಲ್ಲ. ಜಿಪಾರ್ ಎಜೆ ಮಾತ್ರ ನೀರಿನ ಹಂಡೆ ಎತ್ತಿದಾಗಲೆಲ್ಲ “ಜೋಪಾನ, ನಮ್ಮ ಅಳಿಯ ನಡೀತಿದ್ದಾನೆ” ಎನ್ನುತ್ತಿದ್ದಳು.

ಅವನು ಕ್ಷೇಮವಾಗಿ ತಲುಪಿದ ಫೋನ್ ಬಂತು, ಅಷ್ಟು ನನಗೆ ಗೊತ್ತು. ಆಮೇಲೆ ಬುರುಲಾಯ್ ನೆಲ ತೊಳೆದಳೋ ಇಲ್ಲವೋ, ಅವನು ಎಂದು ಮರಳಿದನೋ, ಮರಳಿದನೋ ಇಲ್ಲವೋ, ನನಗೆ ತಿಳಿಯದು.