ಹಾದಿಯ ಮೇಲೆ ಇಲ್ಲದ ತೊಗರಿ

ಎಳ್ಳ ಅಮಾವಾಸ್ಯೆಯ ಸಂಜೆ ಗೊಲ್ಲಾಳಮ್ಮನ ಬಾಗಿಲಿಗೆ ಬಂದ ಮೌನೇಶ್ವರಿ ಒಳಗೂ ಬರಲಿಲ್ಲ, ಕೂಗಲೂ ಇಲ್ಲ. ಅದೇ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದವಳು ಪರರಂತೆ ಹೊಸ್ತಿಲಾಚೆ ನಿಂತದ್ದು ಕಂಡು ಗೊಲ್ಲಾಳಮ್ಮ ಎಲೆ-ಅಡಿಕೆ ಕೆಳಗಿಟ್ಟಳು.

"ಏನಾಯ್ತ ಮೌನಿ? ಬಾಯಿಗೆ ಬೀಗ ಹಾಕ್ಕೊಂಡೀಯೇನು?"

"ನನ್ನಿಂದ ಕಾರು ಬಡದು ಅಮಾತೆಪ್ಪ ಮುತ್ಯಾನ ಕಾಲು ಮುರೀತಂತ್ರಿ, ಅತ್ತಿ. ನಾ ಸುಳ್ಳು ಸುದ್ದಿ ಕಳಿಸೀನಂತ. ಸಾಹೇಬ್ರು ಫೋನ್ ಕಸ್ಕೊಂಡ್ರು. ನಾಳಿಗಿ ಪೊಲೀಸ್ರಿಗೆ ಹೇಳ್ತಾರಂತ."

ಗೊಲ್ಲಾಳಮ್ಮ ಸುರಪುರ ಠಾಣೆಯಲ್ಲಿ ಹವಾಲ್ದಾರಳಾಗಿ ನಿವೃತ್ತಳಾದವಳು. ಕಳುವಾದ ಎಮ್ಮೆಯಿಂದ ಹಿಡಿದು ಕಾಣೆಯಾದ ಸೊಸೆಯವರೆಗೆ ಯಾವ ಗಂಟಿದ್ದರೂ ಜನ ಮೊದಲು ಆಕೆಯ ಕಟ್ಟೆಗೇ ಬರುತ್ತಿದ್ದರು. ಬಂದವರಿಗೆ ಚಹಾ ಕೊಟ್ಟು, ಮೂಲೆಯಲ್ಲಿ ಕೂತು ಎಲ್ಲರ ಮುಖ ನೋಡುವುದು ಮೌನೇಶ್ವರಿಯ ರೂಢಿ. ಇವತ್ತಿನ ಗಂಟು ಆಕೆಯದೇ ಆಗಿತ್ತು.

ಏಳನೆಯ ತರಗತಿಗೆ ಶಾಲೆ ಬಿಟ್ಟ ಮೌನೇಶ್ವರಿ ಶಹಾಪುರ–ಸುರಪುರ ರಸ್ತೆಯ ಬದಿಗೆ ತಗಡಿನ ಚಹಾದಂಗಡಿ ಇಟ್ಟುಕೊಂಡಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ. ತಾನಾಗಿ ಓಡುವ ಕಾರು ನಮ್ಮ ಹಾದಿಗೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ರಾಷ್ಟ್ರೀಯ ವಾಹನ ಸವಾರರ ಸಂಘ ಆ ರಸ್ತೆಯನ್ನೇ ಆರಿಸಿತ್ತು. ಸಂಘ ಕಾರು ಮಾಡುವವರದಲ್ಲ. ಹಾದಿಯಲ್ಲಿ ಓಡಾಡುವವರ ಪರವಾಗಿ ನೋಡಿ, ತನ್ನ ಅಭಿಪ್ರಾಯ ಬರೆಯುವಂಥದು. ಸುಗ್ಗಿಯಲ್ಲಿ ರೈತರು ತೊಗರಿ ಕೊಯ್ದು ಡಾಂಬರಿನ ಮೇಲೆ ಹರವುತ್ತಾರೆ. ಹಾಯುವ ಗಾಡಿಗಳ ಗಾಲಿಯೇ ಅದನ್ನು ಒಕ್ಕುತ್ತದೆ. ಎಲ್ಲಿ, ಯಾವ ಮಗ್ಗುಲಿಗೆ ಹರವಿದ್ದಾರೆಂದು ಮೌನೇಶ್ವರಿ ನಸುಕಿನಲ್ಲಿ ನಡೆದು ನೋಡಿ, ಸಂಘ ಕೊಟ್ಟ ಫೋನಿನಲ್ಲಿ ಒತ್ತಬೇಕು. ಸುದ್ದಿ ಕಾರಿಗೆ ಮುಟ್ಟಿ, ಅದು ಮೊದಲೇ ಮಗ್ಗುಲು ಬದಲಿಸುತ್ತಿತ್ತು. ಆಕೆಯ ಮಾತನ್ನು ಯಾರಾದರೂ ನಂಬಿ ನಡೆದದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಮರುದಿನ ಮುಂಜಾನೆ ಗೊಲ್ಲಾಳಮ್ಮ ಚಹಾದಂಗಡಿಗೆ ಬಂದಳು. ಸಂಘದ ಅಧಿಕಾರಿ, ಮೈಸೂರಿನ ಲಕ್ಷ್ಮಿಕಾಂತ ಸಿಟ್ಟಿನಲ್ಲಿದ್ದ.

"ನಾನೇ ಹಿಂದಿನ ಸೀಟಲ್ಲಿದ್ದೆ ಕಣಮ್ಮ. ಎಡಗಡೆ ತೊಗರಿ ಅಂತ ಇವಳ ಫೋನಿಂದ ನೇರ ಕಾರಿಗೆ ಹೋಗಿದೆ, ಒಳಗಿರೋರಿಗೆ ಅದು ಕಾಣೋದಿಲ್ಲ; ಕಾರು ಬಲಕ್ಕೆ ಹೋಯ್ತು. ಜಾಲಿಗಿಡದ ತಿರುವಲ್ಲಿ ಆ ಅಜ್ಜ! ಇಳಿದು ನೋಡಿದ್ರೆ ಎಡಗಡೆ ತೊಗರೀನೇ ಇಲ್ಲ. ನಡೆಯೋಕೆ ಸೋಮಾರಿತನ, ಹಿಂದಿನ ದಿನದ್ದನ್ನೇ ಒತ್ತಿದ್ದಾಳೆ. ತುರ್ತಿಗೆ ಅಂತ ಮುಂದಿನ ಸೀಟಲ್ಲಿ ಕೂರೋ ಡ್ರೈವರ್ ಬಸವಕುಮಾರ ಚುರುಕಾಗಿದ್ದ. ಕಾರು ತಿರುಗೋಕೆ ಮುಂಚೇನೇ ಅವನ ಕೈ ಸ್ಟೇರಿಂಗ್ ಮೇಲೆ ಹೋಗಿತ್ತು. ಇಲ್ಲದಿದ್ರೆ ಅಜ್ಜ ಉಳೀತಿರಲಿಲ್ಲ."

ಪಕ್ಕದ ಪಂಕ್ಚರ್ ಅಂಗಡಿಯ ಸುಲ್ತಾನಸಾಬ ನಕ್ಕ. "ನನ್ನ ಮ್ಯಾಲೂ ಅನುಮಾನ ಐತೇನ್ರಿ ಬಾಯಾರ? ಆ ಗಾಡಿ ಮುಳ್ಳು ಕಂಡ್ರ ಸುತ್ತು ಹೊಡೀತದ, ನನ್ನ ಹೊಟ್ಟಿ ಮ್ಯಾಲೇ ಹೊಡೀತದ!"

"ನಿನ್ನೆ ಎಲ್ಲಿದ್ದಿಪಾ?"

"ಪಂಪಣ್ಣಗೌಡರ ಹೊಲದಾಗ ಭಜ್ಜಿ-ಕಡುಬು ಹೊಡ್ಯಾಕತ್ತಿದ್ದೆ. ಎಳ್ಳಮಾಸಿಗೆ ಯಾರು ಅಂಗಡಿ ತೆಗೀತಾರ್ರಿ? ಈ ಹುಡುಗಿ ಒಬ್ಬಾಕಿನ."

ಗೊಲ್ಲಾಳಮ್ಮ ತಿರುಗಿದಳು. "ಮೌನಿ, ಫೋನ್ ಎಲ್ಲಿತ್ತು?"

"ಹಲಗಿ ಮ್ಯಾಲ. ಕಾರು ಬಂದು ನಿಂತಾಗ ನಾ ನೀರಿಗೆ ಹೋಗಿದ್ದೆ. ಸಾಹೇಬ್ರು, ಬಸವಕುಮಾರಣ್ಣ, ಇಬ್ಬರೇ ಇದ್ರು."

"ಬೋರಿನ ಕಡಿಯಿಂದ ತಿರುಗಿ ನೋಡಿದ್ದೇನು?"

ಮೌನೇಶ್ವರಿ ತನ್ನ ಕಾಲ್ಬೆರಳು ನೋಡುತ್ತ ನಿಂತಳು.

ಮಧ್ಯಾಹ್ನ ಶಹಾಪುರದ ದವಾಖಾನೆಯಲ್ಲಿ, ಅಮಾತೆಪ್ಪನ ಮಂಚದ ಸುತ್ತ ಎಲ್ಲರನ್ನೂ ಗೊಲ್ಲಾಳಮ್ಮ ಕೂಡಿಸಿದಳು. ಬಾಗಿಲ ಬಳಿ ಬಸವಕುಮಾರ ನಿಂತಿದ್ದ. ಗುರುಮಠಕಲ್ ಕಡೆಯವನು, ಚಿಕ್ಕಂದಿನಿಂದ ಲಾರಿಯಲ್ಲೇ ಬೆಳೆದು, ಈಗ ಆ ಕಾರಿನ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂಡುವ ಕೆಲಸದಲ್ಲಿದ್ದ. ಮೌನೇಶ್ವರಿಗೆ ಫೋನ್ ಒತ್ತಲು ಕಲಿಸಿದವನು ಅವನೇ. ದಿನಾ ಚಹಾ ಕುಡಿದು, "ಉಂಡೀಯೇನವ್ವಾ?" ಎಂದು ಕೇಳುತ್ತಿದ್ದವನೂ ಅವನೊಬ್ಬನೇ.

"ಸೀಟಿನ್ಯಾಗ ಮನುಷ್ಯಾನ ಇಲ್ದಂಗ ಮಾಡ್ತಾರಂತಲ್ಲ," ಅಮಾತೆಪ್ಪ ನರಳುತ್ತಲೇ ಅಂದ. "ಹಂಗಾದ್ರ ನಾ ಯಾರಿಗೆ ಬೈಬೇಕು?"

"ಇವತ್ತ ಬೈಯಾಕ ಮನುಷ್ಯಾ ಅದಾನ, ತಡಿ," ಎಂದಳು ಗೊಲ್ಲಾಳಮ್ಮ. "ಮೊದಲನೇದು, ಎಳ್ಳಮಾಸಿ. ಅವತ್ತು ಯಾರೂ ರಾಶಿ ಮುಟ್ಟಂಗಿಲ್ಲ. ಹಿಂದಿನ ಸಂಜಿಗೇ ತೊಗರಿ ಬಳಕೊಂಡು ಹಾದಿ ಖಾಲಿ ಮಾಡ್ತಾರ. ನಡದು ನೋಡದಿದ್ರೂ ಮೌನಿಗೆ ಅದು ಗೊತ್ತು. ಆ ಸುದ್ದಿ ಒತ್ತಿದಾವಗ ಹೊಲದ ರೂಢಿ ನೆನಪಿಲ್ಲ."

ಎಲ್ಲರೂ ಲಕ್ಷ್ಮಿಕಾಂತನತ್ತ ನೋಡಿದರು. ಅವನು ಎದ್ದು ನಿಂತ. "ನಾನ್ಯಾಕೆ ಮಾಡಲಮ್ಮ?"

"ಕುಂದರ್ರಿ ಸಾಹೇಬ್ರ. ನಿಮಗ ಅಮಾಸಿ ಗೊತ್ತಿಲ್ಲ, ಖರೆ. ಆದ್ರ ಎರಡನೇದು ನೀವೇ ಹೇಳೀರಿ. ಕಾರು ತಿರುಗೂಕಿಂತ ಮೊದಲ ಅವನ ಕೈ ಸ್ಟೇರಿಂಗಿಗೆ ಹೋತು. ಅದನ್ನ ಚುರುಕು ಅಂದ್ರಿ. ಎಡಕ್ಕ ಏನೂ ಇಲ್ಲದ ನೆಟ್ಟನ ಹಾದ್ಯಾಗ ಕಾರು ತಿರುಗ್ತದಂತ ಅವಂಗ ಯಾರು ಹೇಳಿದ್ರು?"

ಬಸವಕುಮಾರನ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

"ಸೀಟಿನ್ಯಾಗ ಮನುಷ್ಯಾ ಬೇಕೋ ಬ್ಯಾಡೋ ಅಂತ ಸಂಘ ಈ ವಾರ ಬರೀಬೇಕಿತ್ತು. ಕಾರು ತಪ್ಪಬೇಕು, ಇವ ಹಿಡದು ಉಳಿಸಬೇಕು, ಇದು ಅವನ ಲೆಕ್ಕ. ಆದ್ರ ಅಮಾಸಿ ದಿನ ಮಂದಿ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಾಕ ಬುಟ್ಟಿ ಹೊತ್ತು ಹೊಲಕ್ಕ ನಡೀತಾರ. ಇವಂಗ ಹೊಲ ಇಲ್ಲ, ಬಾ ಅಂತ ಕರೆಯವರೂ ಇಲ್ಲ. ಹಾದಿ ಖಾಲಿ ಇರ್ತದಂದ. ತಿರುವಿನ್ಯಾಗ ಅಮಾತೆಪ್ಪ ಬಂದ."

"ಆಕಿ ಫೋನ್ ನಾ ಮುಟ್ಟಿಲ್ಲ," ಎಂದ ಬಸವಕುಮಾರ, ಯಾರ ಮುಖವನ್ನೂ ನೋಡದೆ.

"ಮೂರನೇದು ಆಕೀನ. ತನ್ನ ಕುತ್ತಿಗಿಗೆ ಬಂದ್ರೂ ಕಂಡದ್ದನ್ನ ಹೇಳಲಿಲ್ಲ. ಸಾಹೇಬ್ರನ್ನ ಕಂಡಿದ್ರ ನನಗ ನಿನ್ನೆ ಸಂಜೀನ ಹೇಳ್ತಿದ್ಲು. ಯಾರಿಗಾಗಿ ಬಾಯಿ ಕಟ್ಟಿದಿ ಮೌನಿ? ಫೋನ್ ಯಾರ ಕೈಯಾಗಿತ್ತು?"

ಮೌನೇಶ್ವರಿ ಅಮಾತೆಪ್ಪನ ಕಟ್ಟಿದ ಕಾಲು ನೋಡಿದಳು. ಆಮೇಲೆ ಬಸವಕುಮಾರನನ್ನು ನೋಡಿದಳು. ಸುಮ್ಮನಿದ್ದರೆ ಆಕೆಯ ಮಾತಿಗೆ ಇನ್ನು ಮೂರು ಕಾಸಿನ ಬೆಲೆಯಿಲ್ಲ. ಹೇಳಿದರೆ ಉಂಡೀಯೇನವ್ವಾ ಎಂದು ಆಕೆಯನ್ನು ಕೇಳುವ ಒಂದು ದನಿಯೂ ಇಲ್ಲ.

"ಬಸವಕುಮಾರಣ್ಣನ ಕೈಯಾಗ್ರಿ," ಎಂದಳು.

ಅವನು ಗೋಡೆಗೆ ಒರಗಿ ಕೂತ. "ಗೊಂಬಿ ಕೂತಂಗ ಕೂತಿದ್ದೆ, ಬಾಯಾರ. ಒಂದೇ ಸಲ ನಾ ಬೇಕಾದ್ರ ಸಾಕಿತ್ತು. ನಿನ್ನ ಹೆಸರಿಗೆ ಬರ್ತದಂತ ತಿಳೀಲಿಲ್ಲವ್ವಾ ಮೌನಿ."

ಆಕೆ ಅಮಾತೆಪ್ಪನ ಹೊದಿಕೆ ಸರಿಮಾಡಿದಳು.

ಲಕ್ಷ್ಮಿಕಾಂತ ತಲೆ ತಗ್ಗಿಸಿ ಫೋನನ್ನು ಆಕೆಯ ಕೈಗೆ ಮರಳಿಸಿದ. ಇನ್ನುಮುಂದೆ ಒಬ್ಬರು ಕಳಿಸಿದ ಸುದ್ದಿಯನ್ನು ಇನ್ನೊಬ್ಬರು ಕಣ್ಣಾರೆ ಕಾಣುವ ತನಕ ಕಾರು ನಂಬಬಾರದೆಂದೂ, ಈ ಹಾದಿಯಲ್ಲಿ ಸೀಟು ಖಾಲಿ ಬಿಡಬಾರದೆಂದೂ ಸಂಘ ಬರೆಯುತ್ತದೆ ಎಂದ. ಬಸವಕುಮಾರ ಬೇಡಿದ್ದೇ ಆಯಿತು. ಆ ಸೀಟಿನಲ್ಲಿ ಕೂಡುವವನು ಮಾತ್ರ ಬೇರೆ.

ಹೇಳಿಕೆ ಕೊಡಲು ಗೊಲ್ಲಾಳಮ್ಮ ಠಾಣೆಗೆ ಹೋದಳು. ಮೌನೇಶ್ವರಿ ಸುರಪುರದ ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತಳು. ಹೊರಗೆ ರೈತರು ಮತ್ತೆ ತೊಗರಿ ಹರವುತ್ತಿದ್ದರು. ಕಂಡಕ್ಟರ್ ಬಂದು ಮಷಿನ್ ಹಿಡಿದು ನಿಂತ.

"ಎಷ್ಟು ಮಂದಿ ಅದೀರಿ?"

ಆಕೆ ಪಕ್ಕದ ಖಾಲಿ ಸೀಟು ನೋಡಿದಳು.

"ಒಬ್ಬಾಕಿನ್ರಿ."