ಮರಗಳ ನಡುವೆ ಒಂದು ಕಂಬ

“ತಂತಿ ಎಲ್ಲೆಲ್ಲಿದೆ? ಎಲ್ಲರೂ ಕೈ ಮಾಡಿ ತೋರಿಸಿ!” ಅಂದಳು ಅಮ್ಮ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು.

ಟ್ಯಾಂಕ್ ಮಾಮ ರಸ್ತೆ ಕಡೆ ತೋರಿಸಿದ. ಹೊಲದ ಯಜಮಾನರು ಪಂಪ್‌ಹೌಸ್ ಕಡೆ ತೋರಿಸಿದರು. ಪಟಾಕಿ ಎರಡು ಕೈಯನ್ನೂ ಎರಡು ಕಡೆ ಚಾಚಿ ನಿಂತಳು. ಎಲ್ಲರ ಬೆರಳು ನೋಡದೆ ಅಮ್ಮ ಹೆಲಿಕಾಪ್ಟರ್ ಹತ್ತುವವಳೇ ಅಲ್ಲ.

ಅಮ್ಮ ಬೆಳೆಗೆ ಔಷಧಿ ಸಿಂಪಡಿಸುವ ಪೈಲಟ್. ಪೈರಿನ ತಲೆ ಸವರುವಷ್ಟು ಕೆಳಗೆ ಹಾರಬೇಕು. ಆಗ ಹೆಲಿಕಾಪ್ಟರಿನ ಮೇಲಿನ ಫ್ಯಾನ್‌ಗೆ ಕರೆಂಟ್ ತಂತಿ ಸಿಕ್ಕಿತೋ, ಅಷ್ಟೇ ಕತೆ.

“ತಂತಿ ಹುಡುಕಬೇಡ ಕಣೇ, ಅದು ಕಾಣೋದೇ ಇಲ್ಲ. ಕಂಬ ಹುಡುಕು,” ಅಂತ ಅಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೋ!

ಪಟಾಕಿ ಅಂದರೆ ಅವಳ ಮಗಳು, ಐದನೇ ಕ್ಲಾಸು. ಮಾತು ಶುರುವಾದರೆ ನಿಲ್ಲುವುದಿಲ್ಲ ಅಂತ ಟ್ಯಾಂಕ್ ಮಾಮ ಇಟ್ಟ ಹೆಸರದು. ಲಾರಿಯಲ್ಲಿ ಔಷಧಿ ಕಲಸಿ ಹೆಲಿಕಾಪ್ಟರಿಗೆ ತುಂಬುವುದು ಅವನ ಕೆಲಸ.

“ರಜೆ ಅಂತ ಬಂದಿದ್ದೀಯ, ಬಾಯಿಗೆ ಬೀಗ ಹಾಕ್ಕೊಂಡಿರು,” ಅಂದ ಮಾಮ. “ಗಾಳಿ ಎದ್ದರೆ ಔಷಧಿ ಪಕ್ಕದ ಹೊಲಕ್ಕೆ ಹೋಗುತ್ತೆ. ಆಮೇಲೆ ಕೆಲಸ ಬಂದ್.”

ಯಜಮಾನರು ಮನೆ ಕಡೆ ಹೋದರು. ಹೆಲಿಕಾಪ್ಟರ್ ಹಾರಿತು. ಹೊಲದ ಉದ್ದಕ್ಕೂ ಹೋಗಿ ಬಂದು, ಒಂದೊಂದು ಸಾಲಿಗೂ ಆಚೆ ತುದಿಯ ಮರಗಳ ಹತ್ತಿರ ಸರಿಯುತ್ತಿತ್ತು. ಚೆನ್ನಾಗಿ ಕಾಣಲಿ ಅಂತ ಪಟಾಕಿ ಲಾರಿ ಮೇಲೆ ಹತ್ತಿದಳು.

“ಮಾಮ, ಆ ಮರ ನೋಡು. ಅಷ್ಟೊಂದು ನೆಟ್ಟಗಿದೆ!”

“ಮರ ನೆಟ್ಟಗಿರಬಾರದು ಅಂತ ರೂಲ್ಸ್ ಇದೆಯಾ?”

“ಕೊಂಬೆನೇ ಇಲ್ಲ. ಬರೀ ಬಳ್ಳಿ. ಅಯ್ಯೋ ಮಾಮ, ಅದು ಕಂಬ!”

“ಅಮ್ಮ ಮೊದಲೇ ಒಂದು ರೌಂಡ್ ಹೊಡೆದು ನೋಡಿದ್ದಾಳೆ. ಸುಮ್ಮನಿರು.”

ಸುಮ್ಮನಿರುವುದು ಹೇಗೆ? ಇನ್ನೊಂದು ಸಾಲು ಮುಗಿದರೆ ಅಮ್ಮ ಅಲ್ಲಿಗೇ ಬರುತ್ತಾಳೆ. ತಪ್ಪಾದರೆ ಮಾಮ ನಗುತ್ತಾನೆ, ನಾಳೆಯಿಂದ ಇಲ್ಲಿಗೆ ಬರೋ ಹಾಗೂ ಇಲ್ಲ. ಆಗಲಿ! ಪಟಾಕಿ ಧುಮುಕಿ ಮಾಮನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು.

“ಅಮ್ಮ, ಮೇಲೆ ಹೋಗು! ಕಂಬ! ಮೇಲೆ ಹೋಗು!”

ಹೆಲಿಕಾಪ್ಟರ್ ತಟ್ಟನೆ ಮೇಲೇರಿತು. ಸುತ್ತಿ ಬಂದು ಲಾರಿ ಪಕ್ಕ ಇಳಿಯಿತು. ಅಮ್ಮ ಕೆಳಗಿಳಿದಳು. ಬದುವಿನ ಮೇಲೆ ನಡೆದು ನೇರ ಮರಗಳ ಹತ್ತಿರ ಹೋದಳು.

ಅವಳು ತಿರುಗಿ ಬರುವ ಹೊತ್ತಿಗೆ ಯಜಮಾನರೂ ಓಡೋಡಿ ಬಂದಿದ್ದರು. “ಆ ಕಂಬನಾ? ಅದರ ತಂತಿ ಕಿತ್ತು ಎಷ್ಟೋ ಕಾಲ ಆಯ್ತಲ್ಲಮ್ಮ! ತಂತಿ ತೋರಿಸಿ ಅಂದ್ರಿ, ಇರೋದನ್ನ ತೋರಿಸಿದೆ. ಈಗ ನೋಡಿ, ಗಾಳಿ ಬೇರೆ ಬಂತು. ಮಗು ಮಾತು ಕೇಳಿ ಮರದ ಕಡೆ ಸಾಲೆಲ್ಲಾ ಹಾಗೇ ಉಳೀತು.”

ಪೈರು ತೂಗಾಡುತ್ತಿತ್ತು. ಪಟಾಕಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅವಳು ಮೇಲೆ ಹೋಗು ಅಂದಳು, ನಾನು ಹೋದೆ. ಉಳಿದಿದ್ದನ್ನು ನಾಳೆ ಬಂದು ಮುಗಿಸ್ತೀನಿ,” ಅಂದಳು ಅಮ್ಮ.

ಆಮೇಲೆ ಲಾರಿಯ ನೆರಳಲ್ಲಿ ಕೂತು ಬಾಟಲಿ ಎತ್ತಿದಳು. ಅರ್ಧ ನೀರು ಅಂಗಿಯ ಮೇಲೇ ಚೆಲ್ಲಿತು.

“ಸಾರಿ ಅಮ್ಮ. ತಂತಿ ಇರಲಿಲ್ಲ.” ಪಟಾಕಿಗೆ ಅಳು ಬಂತು.

“ಹೂಂ, ತಂತಿ ಇರಲಿಲ್ಲ. ಆದರೆ ಆ ಕಂಬ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ಕಣೇ. ರೌಂಡ್ ಹೊಡೆದಾಗಲೂ ಬಿದ್ದಿರಲಿಲ್ಲ.”

ಪಟಾಕಿ ಅಮ್ಮನ ಒದ್ದೆ ಅಂಗಿ ನೋಡಿದಳು. ಮಂಚದ ಕೆಳಗೆ ಬಚ್ಚಿಟ್ಟ ಚಾಕೊಲೇಟ್ ಕವರನ್ನೂ ಕಂಡುಹಿಡಿಯುವ ಅಮ್ಮ! ಅಮ್ಮನ ಕಣ್ಣಿಗೂ ಕಾಣದ್ದು ಇರುತ್ತದೆ ಅಂತ ಅವಳು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಅವಳು ಮೂಗು ಒರೆಸಿಕೊಂಡು ಎದ್ದಳು.

“ಮಾಮ, ಇದು ಮುಗಿದ ಮೇಲೆ ಯಾವ ಹೊಲ?”

ಮಾಮ ಆಚೆಯ ಹೊಲ ತೋರಿಸಿದ. “ಗಾಳಿ ಇದೆಯಲ್ಲೇ, ಇವತ್ತು ಹಾರೋಕಾಗಲ್ಲ.”

“ನಡೆಯೋಕಾಗುತ್ತಲ್ಲ?”

ಪಟಾಕಿ ಆ ಹೊಲದ ಅಂಚು ಹಿಡಿದು, ಕಂಬ ಹುಡುಕುತ್ತಾ ತಲೆ ಎತ್ತಿಕೊಂಡು ಹೊರಟಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಎದುರು ಅಂಚಿನಲ್ಲಿ ಅಮ್ಮನೂ ತಲೆ ಎತ್ತಿಕೊಂಡು ನಡೆಯುತ್ತಿದ್ದಳು.