ಪಿಜ್ಜಾದ ತಳದ ರಾಗಿಹಿಟ್ಟು

ಮುಚ್ಚಳ ತೆಗೆದರೆ ಪಿಜ್ಜಾದ ತುಂಡಿನ ಮೇಲೆ ಸತ್ತ ಜಿರಲೆ. ಪೆಟ್ಟಿಗೆ ಶ್ರೀರಂಗಪಟ್ಟಣದ ಪ್ರಮೀಳಾಳ ಅಂಗಡಿಯದೇ. ನಾಗಮಂಗಲದ ಚೌಡಯ್ಯ ಅದನ್ನು ನಾಲ್ಕು ಜನರೆದುರು ಅವಳ ಗಲ್ಲಾದ ಮೇಲೆ ಎಸೆದು, ದೂರನ್ನೂ ಕೊಟ್ಟಿದ್ದ. ಸಂಜೆ ಆಹಾರ ಇಲಾಖೆಯ ಅಧಿಕಾರಿ ಬಂದು ಅಂಗಡಿಗೆ ಬೀಗಮುದ್ರೆ ಹಾಕುವವರಿದ್ದರು.

ಪತ್ತೇದಾರ ಸೋಮಯ್ಯ ಅವಳು ತಂದ ತುಂಡನ್ನು ಒಂದು ತುದಿಯಲ್ಲಿ ಹಿಡಿದೆತ್ತಿದ. ತೆಳ್ಳಗಿದ್ದರೂ ಸ್ಲೇಟಿನಂತೆ ನೆಟ್ಟಗೆ ನಿಂತಿತು. ತಳದಲ್ಲಿ ಬೂದುಬಣ್ಣದ ರಾಗಿಹಿಟ್ಟು. ಅದನ್ನವನು ಬೆರಳಿಂದ ಒರೆಸಿ ಮೂಸಿದ.

ಅವನ ಜೊತೆಗಾರ, ಆಟೋ ಓಡಿಸುವ ಕೆಂಪಣ್ಣ ಹಲ್ಲು ಕಡಿದ. "ಪಾಂಡವಪುರದ ಪಿಜ್ಜಾ ಅಂಗಡಿ ಸುಶಮೀಂದ್ರನೇ ಕಣಣ್ಣ. ಇವಮ್ಮ ಅಂಗಡಿ ಮುಚ್ಚಿದ್ರೆ ಗಿರಾಕಿಯೆಲ್ಲ ಅವನಿಗೇಯ."

"ಹಲ್ಲು ಉಳಿಸ್ಕೊಳ್ಲಾ, ತಿನ್ನೋದೈತೆ."

ಮೊದಲು ಪ್ರಮೀಳಾಳ ಒಲೆ ನೋಡಿದರು. ಅವಳದು ಇಟಲಿಯ ನೇಪಲ್ಸ್ ಊರಿನ ಬಗೆ. ಕೈಯಲ್ಲೇ ತಟ್ಟಿ, ಅಂಟದಿರಲೆಂದು ತಳಕ್ಕೆ ರಾಗಿಹಿಟ್ಟು ಉದುರಿಸಿ, ಉರಿಯುವ ಸೌದೆ ಒಲೆಗೆ ಜಾರಿಸುತ್ತಿದ್ದಳು. ಅಂಚು ಉಬ್ಬುತ್ತಿತ್ತು, ನಡು ಮೆತ್ತಗೆ ಜೋತುಬೀಳುತ್ತಿತ್ತು. ಆಮೇಲೆ ಸುತ್ತಲಿನ ಉಳಿದಿಬ್ಬರು ಪಿಜ್ಜಾದವರ ಅಂಗಡಿಗೂ ಹೋದರು. ಸುಶಮೀಂದ್ರನದು ಅಮೆರಿಕದ ಬಗೆ. ಆಳದ ಕಬ್ಬಿಣದ ತಟ್ಟೆಯಲ್ಲಿ ಎಣ್ಣೆ ಬಿಟ್ಟು ಬೇಯಿಸಿದ, ಬನ್ನಿನಷ್ಟು ದಪ್ಪದ್ದು. ಕೆ.ಆರ್.ಪೇಟೆಯ ಕಿಶನ್ ರೋಮ್ ನಗರದವರಂತೆ ಲಟ್ಟಣಿಗೆಯಲ್ಲಿ ಲಟ್ಟಿಸಿ ಹಪ್ಪಳದಂತೆ ಗರಿಗರಿ ಮಾಡುತ್ತಿದ್ದ. ಇಬ್ಬರೂ ಪ್ರಮೀಳಾಳ ಬಗ್ಗೆ ಅಯ್ಯೋ ಪಾಪ ಎಂದರು. ಕೆಂಪಣ್ಣನಿಗೆ ಇಬ್ಬರ ಮರುಕದಲ್ಲೂ ಹುಳುಕು ಕಂಡಿತು.

ಸಂಜೆ ಅಧಿಕಾರಿ, ಚೌಡಯ್ಯ, ಪಿಜ್ಜಾದವರು ಎಲ್ಲರೂ ಪ್ರಮೀಳಾಳ ಅಂಗಡಿಯಲ್ಲಿ ಸೇರಿದರು. ಸೋಮಯ್ಯ ಅವಳಿಂದ ಬಿಸಿ ಪಿಜ್ಜಾ ತೆಗೆಸಿ, ಮಗುಚಿ ತೋರಿಸಿದ. ತಳದ ರಾಗಿಹಿಟ್ಟು ಸುಟ್ಟು ಕರ್ರಗಾಗಿತ್ತು.

"ಇವಳ ಒಲೇಲಿ ಹಿಟ್ಟು ಹಸಿಯಾಗಿ ಉಳಿಯಕಿಲ್ಲ. ಜಿರಲೆ ತುಂಡಲ್ಲಿ ಹಸೀದೇ ಐತೆ. ಅಂದ್ರೆ ಬೆಂದಮೇಲೆ ಬಳಿದವ್ರೆ, ಇವಳದೇ ಅನ್ನಿಸ್ಲಿ ಅಂತ. ಪೆಟ್ಟಿಗೆಗೇನು, ಒಂದು ಪಿಜ್ಜಾ ಕೊಂಡ್ರೆ ಸಿಕ್ತದೆ. ತುಂಡು ತೆಳ್ಳಗೈತೆ, ಹಂಗಾಗಿ ಸುಶಮೀಂದ್ರಂದಲ್ಲ. ಅಂಚು ಉಬ್ಬಿಲ್ಲ, ಎತ್ತಿದ್ರೆ ಬಾಗಕಿಲ್ಲ. ಲಟ್ಟಣಿಗೆ ಕೆಲಸ ಇದು."

ಚೌಡಯ್ಯ ಬೆವರಿದ. "ಬ್ಯಾಡ ಅಂದೆ ಕಣ್ಲಾ ಕಿಶನ್. ಅಕ್ಕನ ಮಗ ಅಂತ ಒಪ್ಕಂಡೆ."

ಕಿಶನ್ ತಲೆತಗ್ಗಿಸಿದ. ತನ್ನೂರಿನ ಗಿರಾಕಿಗಳೂ ಬಸ್ಸು ಹತ್ತಿ ಇಲ್ಲಿಗೇ ಬರುತ್ತಿದ್ದುದನ್ನು ಸಹಿಸಲಾಗಲಿಲ್ಲವೆಂದು ಒಪ್ಪಿಕೊಂಡ. ಕೆಂಪಣ್ಣ ಅಂಗಿಯ ತೋಳು ಮಡಿಸುತ್ತ ಎದ್ದ. ಸೋಮಯ್ಯ ಅವನ ಹೆಗಲು ಹಿಡಿದು ಕೂರಿಸಿದ.

ಪ್ರಮೀಳಾ ಬೈಯಲಿಲ್ಲ. "ಅದಿರ್ಲಿ ಕಿಶನ್," ಎಂದಳು ತಣ್ಣಗೆ, "ಆ ಜಿರಲೆ ನಿಂಗೆ ಎಲ್ಲಿ ಸಿಕ್ತು ಅಂತ ಸಾಹೇಬ್ರಿಗೆ ಹೇಳಪ್ಪ."

ಅಧಿಕಾರಿ ಅರಗು, ಮುದ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದರು, ಕೆ.ಆರ್.ಪೇಟೆಗೆ ಆಟೋ ಬರುತ್ತದೆಯೇ ಎಂದು ಕೆಂಪಣ್ಣನನ್ನು ಕೇಳಿದರು.